ಕಲ್ಲು ಒಂದೇ, ದಾರಿ ಎರಡು



ನಮ್ಮ ಗಡಿಭಾಗದಲ್ಲಿ ರಾಶಿ ಮುಗಿದು ತೊಗರಿ ಮಾರಿದ ಹಣ ಕೈಗೆ ಬಂತೆಂದರೆ ಮನೆಯಲ್ಲಿ ಎರಡೇ ಮಾತು. ಒಂದು ಮದುವೆ, ಇನ್ನೊಂದು ಮನೆ. ಮದುವೆಯ ದುಂದುಗಾರಿಕೆಯ ಬಗ್ಗೆ ಮಠಗಳು ಬಹಳ ಹೇಳಿವೆ, ಭಕ್ತರೂ ಬಹಳ ಕೇಳಿದ್ದಾರೆ. ಎಷ್ಟು ನಡೆದುಕೊಂಡಿದ್ದಾರೆ ಎಂಬುದು ಬೇರೆ ಮಾತು. ಈ ಸಲ ಮನೆಯ ವಿಚಾರ ಮಾಡೋಣ.

ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಶಿವಯೋಗಿಗಳು. ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಮಣ್ಣು ಕೆಲಸದವನೆಂಬಂತೆ ಅವರನ್ನು ಕರೆದು ಕೆಣಕಿದ ಪ್ರಸಂಗವನ್ನು ಶೂನ್ಯಸಂಪಾದನೆಯ ಪ್ರವಚನ ಕೇಳಿದವರೆಲ್ಲ ಬಲ್ಲಿರಿ. ಪ್ರಭುದೇವರು ಕಾಯಕವನ್ನು ಹಳಿಯಲಿಲ್ಲ, ಕಟ್ಟಿದವನು ನಾನೆಂಬ ಭಾವವನ್ನು ಹಳಿದರು. ಪಾಯ ತೆಗೆಯುವ ಮೊದಲು ನಾವೂ ಕೇಳಿಕೊಳ್ಳಬೇಕು: ಇದು ಇರುವುದಕ್ಕೋ, ತೋರಿಸುವುದಕ್ಕೋ? ತೋರಿಸುವುದಕ್ಕಾದರೆ ಅದರ ಸಾಲವನ್ನು ಹೊಲವೂ ಗಾಳಿಯೂ ಮೊಮ್ಮಕ್ಕಳೂ ತೀರಿಸಬೇಕಾಗುತ್ತದೆ.

ತಾಂಡೂರಿನ ಕಲ್ಲನ್ನೇ ನೋಡಿ. ಅದು ಸುಣ್ಣದ ಕಲ್ಲು, ಪದರು ಪದರಾಗಿ ಏಳುತ್ತದೆ. ಎಬ್ಬಿಸಿ, ಕೊಯ್ದು, ನೆಲಕ್ಕೆ ಹಾಸಿದರೆ ಬೆಂಕಿಯಿಲ್ಲದೆ ಕೆಲಸಕ್ಕೆ ಬಂತು. ಸುಣ್ಣದ ಕಲ್ಲೇ ಸಿಮೆಂಟ್ ಕಾರ್ಖಾನೆಗೆ ಹೋದರೆ ಸುಮಾರು 1450 ಡಿಗ್ರಿ ಶಾಖದಲ್ಲಿ ಬೇಯಬೇಕು. ಬೇಯುವಾಗ ಕಲ್ಲಿನೊಳಗಿನ ಇಂಗಾಲದ ಅನಿಲ ಹೊರಬೀಳುತ್ತದೆ. 100 ಕಿಲೋ ಶುದ್ಧ ಸುಣ್ಣದ ಕಲ್ಲಿಗೆ 44 ಕಿಲೋ ಅನಿಲ. ಉರಿಸುವ ಕಲ್ಲಿದ್ದಲಿನ ಹೊಗೆ ಬೇರೆ. ಮನುಷ್ಯ ಗಾಳಿಗೆ ಬಿಡುವ ಇಂಥ ಅನಿಲದಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದು. ಭೂಮಿ ಕಾಯ್ದು ಮಳೆಯ ಲೆಕ್ಕ ತಪ್ಪುವುದಕ್ಕೆ ಇದೂ ಒಂದು ಕಾರಣ.

ಇಟ್ಟಿಗೆಯದು ಇನ್ನೂ ಹತ್ತಿರದ ಲೆಕ್ಕ. ಒಂದು ಲಕ್ಷ ಇಟ್ಟಿಗೆಗೆ ಸುಮಾರು 7000 ಘನ ಅಡಿ ಮಣ್ಣು ಬೇಕು. ಅಂದರೆ ಒಂದು ಎಕರೆಯ ಮೇಲ್ಮಣ್ಣು ಎರಡು ಅಂಗುಲ ಹೋಯಿತು. ಒಂದು ಅಂಗುಲ ಮಣ್ಣಾಗಲು ನೂರಾರು ವರ್ಷ ಬೇಕು. ಭಟ್ಟಿಯವರು ಕೊಡುವ ಹಣ ಒಂದು ವರ್ಷಕ್ಕೆ ಮುಗಿಯುತ್ತದೆ. ಸಿದ್ಧರಾಮರು ಮಣ್ಣು ತೆಗೆದಲ್ಲಿ ನೀರು ನಿಂತಿತು. ನಾವು ಮಣ್ಣು ಮಾರಿದಲ್ಲಿ ಏನು ಬೆಳೆಯುತ್ತದೆ?

"ಅಪ್ಪಾವರೇ, ಮಣ್ಣಿನ ಮಾಳಿಗೆ ನಂಬಿ ಕಿಲ್ಲಾರಿಯವರು ಏನಾದರು?" ಎಂದು ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸಾವಿರಾರು ಜೀವಗಳು ಗೋಡೆಯಡಿ ಹೋದವು. ಆ ಭಯದಿಂದಲೇ ಬಹಳ ಜನ ಸ್ಲ್ಯಾಬಿಗೆ ತಿರುಗಿದರು. ಆದರೆ ಕೊಂದದ್ದು ಕಲ್ಲಲ್ಲ, ಕಟ್ಟಿದ ರೀತಿ. ಗೋಡೆಗೆ ಒಳಮುಖ ಬೇರೆ, ಹೊರಮುಖ ಬೇರೆ. ನಡುವೆ ಚಿಪ್ಪುಗಲ್ಲು, ಕೆಸರು. ಎರಡನ್ನೂ ಹಿಡಿಯುವ ಉದ್ದನೆಯ ಕಲ್ಲೇ ಇರಲಿಲ್ಲ. ಮೇಲೆ ವರ್ಷವರ್ಷವೂ ಮಣ್ಣು ಹೇರಿ ಭಾರವಾದ ಮಾಳಿಗೆ. ನೆಲ ನಡುಗಿದಾಗ ಗೋಡೆ ಸೀಳಿತು. ಕಟ್ಟಿಗೆಯ ಕಂಬ, ತೊಲೆ ಗಟ್ಟಿಯಾಗಿದ್ದ ಎಷ್ಟೋ ಮನೆಗಳಲ್ಲಿ ಗೋಡೆ ಬಿದ್ದರೂ ಮಾಳಿಗೆ ನಿಂತಿತ್ತು. ಕೆಟ್ಟದಾಗಿ ಹಾಕಿದ ಸ್ಲ್ಯಾಬು ಬಿದ್ದರೆ ಅದರಡಿಯೂ ಜೀವ ಉಳಿಯುವುದು ಕಷ್ಟ.

ಆದ್ದರಿಂದ ಸಿಮೆಂಟ್ ಮುಟ್ಟಲೇಬಾರದೆಂದು ಹೇಳುವುದಿಲ್ಲ, ಅದು ಮಡಿವಂತಿಕೆಯಾದೀತು. ಕಲ್ಲಿನ ಗೋಡೆಯಾದರೆ ಅಲ್ಲಲ್ಲಿ ಎರಡೂ ಮುಖಕ್ಕೆ ತಾಗುವ ಕಲ್ಲು ಇಡಿಸಿ. ಬಾಗಿಲ ಮೇಲ್ಮಟ್ಟದಲ್ಲಿ ನಾಲ್ಕೂ ಗೋಡೆ ಸುತ್ತುವಂತೆ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಕಟ್ಟಿಸಿ. ಸಿಮೆಂಟ್ ಅಲ್ಲಿ ಜೀವ ಕಾಯುತ್ತದೆ. ಹಾರುಬೂದಿ ಬೆರೆಸಿದ ಸಿಮೆಂಟ್ ಅಂಗಡಿಯಲ್ಲೇ ಸಿಗುತ್ತದೆ, ಅದರಲ್ಲಿ ಸುಟ್ಟ ಕಲ್ಲಿನ ಪಾಲು ಕಡಿಮೆ. ಜಹೀರಾಬಾದ್, ಬೀದರ್ ಕಡೆಯ ಕೆಂಪು ಕಲ್ಲು ಕಡಿಯುವಾಗ ಮೆತ್ತಗೆ, ಗಾಳಿ ತಾಗಿದಂತೆ ಗಟ್ಟಿ. ಬೀದರ ಕೋಟೆ ಅದೇ ಕಲ್ಲಿನದು. 15ನೆಯ ಶತಮಾನದ್ದು ಇಂದಿಗೂ ನಿಂತಿದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಕೆಂಪು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಇಟ್ಟಿಗೆ ಮಾಡುವುದನ್ನು ತೋರಿಸಿಕೊಟ್ಟರು. ನಾರಾಯಣಖೇಡದ ಕಡೆಯಾಗಲಿ ಎಲ್ಲಿಯಾಗಲಿ ಬರೀ ಎರೆಮಣ್ಣಿದ್ದರೆ ಇದಕ್ಕೆ ಬಾರದು. ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ರೈತರಿಗೆ ಹೇಳಬೇಕಾದ ಮಾತಲ್ಲ.

ವ್ಯಾಪಾರಸ್ಥ ಭಕ್ತರಿಗೆ ಒಂದು ಮಾತು. ಅಂಗಡಿಯ ಮುಂದೆ ಪಡುವಣ ಬಿಸಿಲಿಗೆ ಗಾಜು ಹಾಕಿಸಿ, ಆ ಕಾವು ಕಳೆಯಲು ಒಳಗೆ ಎ.ಸಿ. ಇಡುವ ಜಾಣತನ ಯಾರಿಂದ ಕಲಿತಿರಿ? ಹಳೆಯ ಮನೆ ಕೆಡವುವಾಗ ಸಾಗವಾನಿಯ ಕಂಬ, ಬಾಗಿಲು ಮಾರಬೇಡಿ, ಹೊಸ ಮನೆಗೇ ಬಳಸಿ. ಅಜ್ಜ ಇಡಿಸುತ್ತಿದ್ದ ಬೆಳಕಿಂಡಿಯನ್ನು ಮೇಸ್ತ್ರಿಗೆ ನೆನಪು ಮಾಡಿ.

ಈಗಾಗಲೇ ಸ್ಲ್ಯಾಬ್ ಹಾಕಿದವರು ಅದನ್ನು ಒಡೆಯಬೇಕಿಲ್ಲ. ಮೇಲೆ ಬಿಳಿ ಸುಣ್ಣ ಬಳಿದರೆ ಬಿಸಿಲು ಮರಳಿ ಹೋಗುತ್ತದೆ, ಒಳಗೆ ಸೆಕೆ ತಗ್ಗುತ್ತದೆ. ತೆಲಂಗಾಣ ಸರಕಾರವೂ 2023ರಲ್ಲಿ ತಂಪು ಛಾವಣಿಯ ನೀತಿ ತಂದಿದೆ. ಮಹಾಶಿವರಾತ್ರಿಯ ನಂತರ ಬಿಸಿಲು ಏರುತ್ತದೆ. ಝರಾಸಂಗದ ಕೇತಕಿ ಸಂಗಮೇಶ್ವರನ ಜಾತ್ರೆಗೆ ಹೊರಡುವ ಮೊದಲು ಒಂದು ದಿನ ಮಕ್ಕಳನ್ನು ಕರೆದುಕೊಂಡು ಮಾಳಿಗೆ ಹತ್ತಿ ಸುಣ್ಣ ಬಳಿದು ಬನ್ನಿ.