ದೇವರ ಮನೆ ಯಾವದು?

ದೊಡ್ಡ ದೇವಾಲಯವಿಲ್ಲದ ಸಭೆಯು ಸಣ್ಣ ಸಭೆಯೋ? ಕಮತಗಿಯ ಸೀಮೆಯಲ್ಲಿ ಚಿಕ್ಕ ಕೋಣೆಗಳಲ್ಲಿ ಕೂಡುವ ನಮಗೆ ಈ ಸಂದೇಹವು ಹುಟ್ಟುವದುಂಟು.

ಬೆಂಗಳೂರು ದಂಡಿನ ಹೋಲಿ ಟ್ರಿನಿಟಿ ದೇವಾಲಯವನ್ನು ನೋಡೋಣ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ, 1851ರಲ್ಲಿ, ಇಂಗ್ಲಿಷ್ ಪಟಾಲಮಿನವರ ಆರಾಧನೆಗಾಗಿ ಅದು ಕಟ್ಟಲ್ಪಟ್ಟಿತು. ಅದರ ಗೋಪುರವು ದೂರಕ್ಕೆ ಕಾಣುವದು. ಒಳಗೋಡೆಗಳಲ್ಲಿ ಮೃತರಾದ ಸೇನಾಧಿಕಾರಿಗಳ ಹೆಸರು ಕೆತ್ತಿದ ಶಿಲೆಗಳಿರುವವು. ಆಳುವವರಿಗಾಗಿ ಎದ್ದ ಆ ಆಂಗ್ಲಿಕನ್ ದೇವಾಲಯವು 1947ರಲ್ಲಿ ದಕ್ಷಿಣ ಭಾರತ ಸಭೆಯ ಪಾಲಾಯಿತು. ಪಟಾಲಮುಗಳು ಹೋದವು, ಅದೇ ಛಾವಣಿಯ ಕೆಳಗೆ ಈಗ ಈ ದೇಶದವರು ಪ್ರಾರ್ಥಿಸುತ್ತಾರೆ. ಕಲ್ಲುಗಳು ಅವೇ, ಕೂಡುವ ಜನರೇ ಬೇರೆ. ಆ ಜನರೇ ಸಭೆಯಲ್ಲವೋ?

ಹಾಗಾದರೆ ಅಂದವಾಗಿ ಕಟ್ಟುವದು ವ್ಯರ್ಥವೋ? ಅಲ್ಲ. ಕೈಕಸಬಿನಲ್ಲಿ ಉತ್ತಮವಾದದ್ದನ್ನು ದೇವರಿಗೆ ಒಪ್ಪಿಸುವದು ಯೋಗ್ಯವೇ. ಆದರೆ ಮಗ್ಗವೇ ಸೀರೆಯಲ್ಲವೆಂದು ನಮ್ಮ ನೇಕಾರರು ಬಲ್ಲರು. ಹಾಸುಹೊಕ್ಕುಗಳು ಕೂಡದಿದ್ದರೆ ತೇಗದ ಮಗ್ಗವೂ ಬರೇ ಕಟ್ಟಿಗೆ. ಹಾಗೆಯೇ ನೆರೆಯವನ ಮೇಲೆ ಹಗೆಯಿಟ್ಟುಕೊಂಡು ಕೂಡುವವರಿಗೆ ಎತ್ತರದ ಗೋಪುರವು ಏನು ಮಾಡೀತು? ತಾನು ಕಟ್ಟಿಸಿದ ಆಲಯವು ದೇವರಿಗೆ ಸಾಲದೆಂದು ಸೊಲೊಮೋನನೇ ಅದರ ಪ್ರತಿಷ್ಠೆಯ ಕಾಲದಲ್ಲಿ ಅರಿಕೆಮಾಡಿದನು.

ಆದದರಿಂದ ಪ್ರಿಯರೇ, ನಮ್ಮ ಕೋಣೆಯ ಸೋರುವ ಮಾಳಿಗೆಯನ್ನು ನೆಟ್ಟಗೆ ಮಾಡೋಣ. ಅದಕ್ಕೂ ಮೊದಲು ಅದರ ಕೆಳಗೆ ಒಡೆದಿರುವ ಮನಸ್ಸುಗಳನ್ನು ಕೂಡಿಸೋಣ.