ವಾರಸುದಾರರಿಲ್ಲದ ಗೋರಿ

ಸಂತತಿಯವರೆಲ್ಲರೂ ಊರುಬಿಟ್ಟು ಹೋದ ಬಳಿಕ ಪರಮತದ ಒಬ್ಬ ಗುರುವಿನ ಗೋರಿಯು ಮುರಿದು ಬಿದ್ದರೆ ಅದನ್ನು ಎತ್ತಿ ಕಟ್ಟುವ ಹೊಣೆ ಯಾರದು?

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆಯಲ್ಲಿ ಯೆಹೂದ್ಯ ರಬ್ಬಿಗಳ ಗೋರಿಯನ್ನು ನಾವು ಕಂಡವರಲ್ಲ. ಆದರೆ ಪಾಚಿ ಹಿಡಿದು ಲಂಟಾನದ ಪೊದೆಯೊಳಗೆ ಮುಚ್ಚಿಹೋದ ತೋಟದ ದೊರೆಗಳ ಸಮಾಧಿಗಳನ್ನು ಕಂಡಿದ್ದೇವೆ. ಆದದರಿಂದ ಈ ಪ್ರಶ್ನೆಯು ನಮಗೆ ದೂರದ್ದಲ್ಲ.

ಕೊಚ್ಚಿಯ ಮಟ್ಟಾಂಚೇರಿಯಲ್ಲಿ ನೆಹೆಮೀಯ ಮೋತನೆಂಬ ಯೆಹೂದ್ಯ ಜ್ಞಾನಿಯ ಗೋರಿ ಉಂಟು. ಆತನು ತೀರಿಹೋಗಿ ಸುಮಾರು 400 ವರ್ಷಗಳಾದವು. ಸುತ್ತಲಿನ ಹಳೇ ಶ್ಮಶಾನವು ಅಳಿದು ಮನೆಗಳೆದ್ದಿವೆ. 1948ರಲ್ಲಿ ಇಸ್ರಾಯೇಲ್ ರಾಜ್ಯವು ಸ್ಥಾಪಿತವಾದ ಮೇಲೆ ಅಲ್ಲಿಯ ಯೆಹೂದ್ಯರಲ್ಲಿ ಹೆಚ್ಚಿನವರು ಹೊರಟುಹೋದರು. ಗೋರಿಯು ಮಾತ್ರ ಉಳಿಯಿತು, ಯಾಕಂದರೆ ನೆರೆಯ ಹಿಂದುಗಳೂ ಮುಸಲ್ಮಾನರೂ ಕ್ರೈಸ್ತರೂ ಅಲ್ಲಿ ಬತ್ತಿ ಹಚ್ಚುತ್ತಾ ಬಂದರು. ಸತ್ತವರಿಗೆ ಹರಕೆ ಹೊರುವದನ್ನು ನಾವು ಒಪ್ಪುವದಿಲ್ಲ. ಆದಾಗ್ಯೂ ಕಾಪಾಡಿದ ಕೈಗಳನ್ನು ಹಳಿಯಲಾರೆವು.

ಕಲ್ಲಿಗೆ ನೋವಿಲ್ಲ, ಸತ್ತವನಿಗೆ ಇದರಿಂದ ಲಾಭವಿಲ್ಲ ಎಂದು ಕೆಲವರು ಹೇಳುವರು. ಯೆಹೂದ್ಯ ಗುರುಗಳೋ ಇದನ್ನೇ ತಿರುಗಿಸಿ, ಸತ್ತವನು ಪ್ರತ್ಯುಪಕಾರ ಮಾಡಲಾರನಾದ ಕಾರಣ ಅವನಿಗೆ ಮಾಡಿದ ದಯೆಯೇ ನಿಜವಾದ ದಯೆ ಎಂದು ಕಲಿಸಿದರು. ದಾರಿಯಲ್ಲಿ ಅನಾಥ ಶವವನ್ನು ಕಂಡರೆ ಮಹಾಯಾಜಕನು ಸಹ ತನ್ನ ಮಡಿಯನ್ನು ಬಿಟ್ಟು ಹೂಣಿಡತಕ್ಕದ್ದು ಎಂಬದು ಅವರ ವಿಧಿ.

ಅಬ್ರಹಾಮನು ಸಾರಳನ್ನು ಹೂಣಿಡುವದಕ್ಕೆ ಎಫ್ರೋನನಿಗೆ 400 ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟನಷ್ಟೆ. ಪರದೇಶಿಯು ಹೊಲದ ಬಳಿ ಸದಾ ಕೂತಿರಲಾರನು. ಮಾರಿದವರ ನೆರೆಯಲ್ಲಿ ತನ್ನ ಸತ್ತವಳನ್ನು ನಂಬಿ ಬಿಟ್ಟನು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಯೆಹೂದ್ಯರಿಗೆ 1904ರಲ್ಲಿ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರು ಭೂಮಿ ಕೊಟ್ಟದ್ದೂ ಇಂಥದೇ. ನೆಲದೊಡನೆ ಮಾತನ್ನೂ ಕೊಟ್ಟ ಹಾಗಾಯಿತು. ಆ ಮಾತು ನಾಡಿನವರ ಮೇಲೆ ನಿಂತಿದೆ. ಗ್ರೀಸ್ ದೇಶದ ಥೆಸಲೋನಿಕದಲ್ಲಿ ಇಂಥ ಮಾತು ಮುರಿಯಿತು. 1942ರಲ್ಲಿ ಜರ್ಮನರ ಆಳಿಕೆಯ ಕೆಳಗೆ ಅಲ್ಲಿಯ ದೊಡ್ಡ ಯೆಹೂದ್ಯ ಶ್ಮಶಾನವನ್ನು ಕೆಡವಿ, ಅದರ ಕಲ್ಲುಗಳನ್ನು ಕಟ್ಟಡಗಳಿಗೆ ಒಯ್ದರು. ಮರುವರ್ಷ ಅವರು ಜೀವಂತರನ್ನೇ ರೈಲುಗಳಲ್ಲಿ ತುಂಬಿ ಕೊಲ್ಲುವದಕ್ಕೆ ಕಳುಹಿಸಿದರು.

ಪ್ರವಾದಿಗಳ ಗೋರಿಗಳನ್ನು ಅಲಂಕರಿಸಿದವರನ್ನು ನಮ್ಮ ಕರ್ತನು ಗದರಿಸಲಿಲ್ಲವೋ ಎಂದು ಕೇಳಬಹುದು. ಹೌದು, ಜೀವಂತರನ್ನು ಹಿಂಸಿಸುತ್ತಾ ಸತ್ತವರಿಗೆ ಸುಣ್ಣ ಬಳಿದದ್ದಕ್ಕಾಗಿ ಗದರಿಸಿದನು. ಸಭೆಯ ಹಣವು ಒಂದೇ ಕೆಲಸಕ್ಕೆ ಸಾಲುವದಾದರೆ ಮೊದಲು ವಿಧವೆಯ ಮಾಡು ಹೊದಿಸಲ್ಪಡಲಿ. ಆದರೆ ಪೊದೆ ಸವರುವದಕ್ಕೆ ಹಣ ಯಾತಕ್ಕೆ? ಮಳೆಗಾಲ ಕಳೆದ ಮೇಲೆ ನಾಲ್ಕು ಮಂದಿಯ ಅರ್ಧ ದಿನ ಸಾಕು. ಬಿದ್ದ ಕಲ್ಲನ್ನು ಅದರ ಸ್ಥಳದಲ್ಲಿಯೇ ನಿಲ್ಲಿಸಿರಿ. ಹಳೇ ಗಾರೆಗೆ ಸುಣ್ಣವನ್ನೇ ಹಾಕಿರಿ, ಸಿಮೆಂಟು ಬೇಡ. ಮಾಸಿದ ಅಕ್ಷರಗಳನ್ನು ಆ ಭಾಷೆಯನ್ನು ಓದಬಲ್ಲವರು ಬರುವ ತನಕ ಉಳಿಯಿಂದ ಮುಟ್ಟಬೇಡಿರಿ.