ಓದದೆ ಒತ್ತಿದ ಹೆಬ್ಬೆಟ್ಟು

ಕಳೆದ ಬೇಸಿಗೆ ರಜೆಗೆ ಮಗ, ಸೊಸೆ, ಮೊಮ್ಮಗ ಕಲಬುರಗಿಯಿಂದ ಘತ್ತರಗಿಗೆ ಬಂದಿದ್ದರು. ಭಾಗ್ಯವಂತಿಯ ದರ್ಶನ, ಭೀಮೆಯ ದಂಡೆ, ಗುಡಿಯ ಮುಂದಿನ ಅಂಗಡಿಗಳು ಇಷ್ಟರಲ್ಲಿ ಹುಡುಗನಿಗೆ ಎರಡು ದಿನ ಕಳೆದವು. ಮೂರನೆಯ ದಿನ ಬಿಸಿಲು ಅವನನ್ನು ಮನೆಯೊಳಗೆ ಕೂಡಿಹಾಕಿತು. ಕಾಟ ತಪ್ಪಲೆಂದು ಅವನ ಕೈಗೆ ನನ್ನ ಟ್ಯಾಬ್ಲೆಟ್ ಕೊಟ್ಟವನು ನಾನೇ. ಮಗ ಅದನ್ನು ನನಗೆ ಓದಲೆಂದು ತಂದುಕೊಟ್ಟಿದ್ದ. ಪುಸ್ತಕ ಕೊಳ್ಳಲು ಅದರ ಖಾತೆಗೆ 2,000 ರೂಪಾಯಿ ತುಂಬಿಸಿಯೂ ಇಟ್ಟಿದ್ದ.

ಊರಿಗೆ ಹೊರಡುವ ಹಿಂದಿನ ಸಂಜೆ ಮಗ ಲೆಕ್ಕ ನೋಡಿದ. ಉಳಿದದ್ದು 40 ರೂಪಾಯಿ. ಮಿಕ್ಕದ್ದೆಲ್ಲ ಒಂದು ಆಟದೊಳಗಿನ ರತ್ನಕ್ಕೆ, ಖಡ್ಗಕ್ಕೆ ಹೋಗಿತ್ತು.

"ಯಾರಿಗಿ ಕೇಳಿ ತಗೊಂಡಿ?" ಎಂದು ಗದರಿದ.

"ಮುತ್ಯಾಗ ಕೇಳೀನಿ."

"ಸುಳ್ಳ ಬ್ಯಾರೆ ಹೇಳಕತ್ತಿ?" ಎಂದವನೇ ಕಪಾಳಕ್ಕೆ ಒಂದು ಬಿಟ್ಟ.

ಕಟ್ಟೆಯ ಮೇಲೆ ಕುಳಿತಿದ್ದ ನನ್ನತ್ತ ಹುಡುಗ ನೋಡಿದ. ನಾನು ಸುಮ್ಮನಿದ್ದೆ.

ಅವನು ಹೇಳಿದ್ದು ಸುಳ್ಳಲ್ಲ. ಮಧ್ಯಾಹ್ನದ ಜೊಂಪಿನಲ್ಲಿ ನಾಲ್ಕು ಸಲ ಬಂದು "ಮುತ್ಯಾ, ಇಲ್ಲಿ ಹೆಬ್ಬಟ್ಟ ಇಡು" ಎಂದಿದ್ದ. ನಾಲ್ಕು ಸಲವೂ ನಾನು ಕಣ್ಣು ತೆರೆಯದೆ ಇಟ್ಟಿದ್ದೆ. ಅದು ಹಣ ಕೊಡುವ ಒಪ್ಪಿಗೆ ಎಂದು ಅವನಿಗೆ ತಿಳಿದಿರಲಿಲ್ಲ. ನನಗೆ ತಿಳಿಯಬಹುದಾಗಿತ್ತು, ನೋಡಿದ್ದರೆ.

ನಾನು ಮೇಷ್ಟ್ರಾಗಿ ನಿವೃತ್ತನಾದವನು. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ಕಂದೀಲಿನ ಬೆಳಕಿನಲ್ಲಿ ದೊಡ್ಡವರಿಗೆ ಅಕ್ಷರ ಕಲಿಸಿದ್ದೇನೆ. "ಓದದ ಕಾಗದಕ್ಕ ಹೆಬ್ಬಟ್ಟ ಒತ್ತಬ್ಯಾಡ್ರಿ. ಸಾವ್ಕಾರ ನೂರು ಅಂತಾನ, ಸಾವಿರ ಬರಕೊಂಡಿರ್ತಾನ" ಎಂದು ಎಷ್ಟು ಸಲ ಹೇಳಿಲ್ಲ! ಓದಲು ಬರುವ ನಾನೇ ಓದದೆ ಒತ್ತಿದೆ. ಓದಲು ಬಾರದವನಿಗೆ ನೆಪವಾದರೂ ಇತ್ತು.

ಹಾಗಾದರೆ ತಪ್ಪು ಯಾರದು? ಕಾಯ್ದೆಯ ಮಟ್ಟಿಗೆ ಹುಡುಗನದಲ್ಲ. 1872ರ ಭಾರತೀಯ ಕರಾರು ಕಾಯ್ದೆ ಅಪ್ರಾಪ್ತನಿಗೆ ಕರಾರು ಮಾಡಿಕೊಳ್ಳುವ ಅರ್ಹತೆಯೇ ಇಲ್ಲವೆನ್ನುತ್ತದೆ. ಅಂಥ ಕರಾರು ಮೂಲದಲ್ಲೇ ಶೂನ್ಯವೆಂದು ಪ್ರಿವಿ ಕೌನ್ಸಿಲ್ 1903ರಲ್ಲಿ ತೀರ್ಪು ಕೊಟ್ಟಿತು. ಆದರೆ ಬೆರಳು ನನ್ನದು, ನಾನು ಅಪ್ರಾಪ್ತನಲ್ಲ.

ಮಾರುವವನ ಪಾಲೂ ಇದೆ. ನಾನು ಹುಡುಗನಾಗಿದ್ದಾಗ ಹತ್ತು ರೂಪಾಯಿಯ ನೋಟು ಹಿಡಿದು ಅಂಗಡಿಗೆ ಹೋದರೆ ಅಂಗಡಿಯವನು ಮೊದಲು ನೋಟು ನೋಡುತ್ತಿದ್ದ, ಆಮೇಲೆ ನನ್ನ ಮುಖ. "ನಿಮ್ಮಪ್ಪಗ ಕೇಳಕೊಂಡು ಬಾ, ಹೋಗು" ಎನ್ನುತ್ತಿದ್ದ. ಅವನಿಗೂ ವ್ಯಾಪಾರ ಬೇಕಿತ್ತು. ಆದರೆ ನಾಳೆ ನಮ್ಮಪ್ಪನ ಮುಖ ನೋಡಬೇಕಿತ್ತು. ಗಾಜಿನ ಹಿಂದಿನ ಅಂಗಡಿಗೆ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಆ್ಯಪಲ್ ಕಂಪನಿಯ ಅಂಗಡಿಯಲ್ಲಿ ಒಮ್ಮೆ ಗುಪ್ತಪದ ಒತ್ತಿದರೆ ಮುಂದಿನ 15 ನಿಮಿಷ ಮಕ್ಕಳು ಮತ್ತೆ ಕೇಳದೆ ಕೊಳ್ಳಬಹುದಾಗಿತ್ತು. ಅದನ್ನು ಹಿರಿಯರಿಗೆ ತಿಳಿಸಿರಲಿಲ್ಲವೆಂದು ಅಮೆರಿಕದ ವ್ಯಾಪಾರ ಆಯೋಗ ದೂರಿತು. 2014ರಲ್ಲಿ ಕಂಪನಿ ಕನಿಷ್ಠ 3.25 ಕೋಟಿ ಡಾಲರ್ ಮರಳಿಸಲು ಒಪ್ಪಿತು. ನಮ್ಮಲ್ಲೂ 2023ರ ನವೆಂಬರ್‌ನಲ್ಲಿ ಗಿರಾಕಿಯ ಕಣ್ಣು ಕಟ್ಟುವ 13 ಬಗೆಯ ತಂತ್ರಗಳನ್ನು ಪಟ್ಟಿಮಾಡಿ ನಿಷೇಧಿಸುವ ಮಾರ್ಗಸೂಚಿ ಬಂತು.

ಬೀಗಗಳೂ ಇವೆ. ಮಗುವಿಗೆ ಬೇರೆ ಖಾತೆ ತೆರೆದರೆ ಅದು ಏನನ್ನು ಕೊಳ್ಳಹೊರಟರೂ ಕೋರಿಕೆ ಹಿರಿಯರಿಗೆ ಬರುತ್ತದೆ, ಅವರು ಒಪ್ಪಿದರೆ ಮಾತ್ರ ಹಣ ಹೋಗುತ್ತದೆ. ಪ್ರತಿ ಖರೀದಿಗೂ ಗುಪ್ತಪದ ಕೇಳುವಂತೆ ಮಾಡಬಹುದು. ಖಾತೆಯಲ್ಲಿ ಹಣವನ್ನೇ ಇಡದಿರಬಹುದು. ಇವೆಲ್ಲ ಬೇಕು, ಮಗ ಈಗ ಮಾಡಿಯೂ ಇದ್ದಾನೆ. ಆದರೆ ನಮ್ಮ ಮನೆಯ ಟ್ಯಾಬ್ಲೆಟ್ಟಿಗೂ ಬೀಗ ಇತ್ತು. ಅದರ ಕೀಲಿ ನಿದ್ದೆ ಮಾಡುತ್ತಿತ್ತು. ಅಂಗಡಿಯವನು ಬಿಟ್ಟುಕೊಟ್ಟ "ಕೇಳುವ" ಕೆಲಸ ಈಗ ಮನೆಯ ಹಿರಿಯರ ಪಾಲಿಗೆ ಬಂದಿದೆ. ಅದನ್ನು ಎಚ್ಚರದಲ್ಲಿದ್ದೇ ಮಾಡಬೇಕು.

ಇನ್ನೊಂದು ಮಾತು. ಹುಡುಗ ನನ್ನ ಹತ್ತಿರ ಬಂದು ಕೇಳಿದ್ದ. ತನಗೆ ತಿಳಿದಷ್ಟರಲ್ಲಿ ಅವನು ಸರಿಯಾದುದನ್ನೇ ಮಾಡಿದ್ದ. ಅದಕ್ಕೆ ಸಿಕ್ಕದ್ದು ಏಟು. ಕೇಳಿದರೂ ಏಟು, ಕೇಳದಿದ್ದರೂ ಏಟು ಎಂದಾದರೆ ಮಗು ಇನ್ನೊಮ್ಮೆ ಏಕೆ ಕೇಳಬೇಕು? 1,960 ರೂಪಾಯಿಗಿಂತ ದೊಡ್ಡ ನಷ್ಟ ಅದು. ಅದನ್ನು ತಂದವನು ಮಗನಲ್ಲ, ಕಟ್ಟೆಯ ಮೇಲೆ ಸುಮ್ಮನೆ ಕುಳಿತ ನಾನು.

ರಾತ್ರಿ ಊಟವಾದ ಮೇಲೆ ಮಗನಿಗೆ ನಿಜ ಹೇಳಿದೆ. ಅವನು ಏನೂ ಅನ್ನಲಿಲ್ಲ. ಎದ್ದು ಹೋಗಿ ಮಲಗಿದ್ದ ಹುಡುಗನ ಪಕ್ಕದಲ್ಲಿ ಬಹಳ ಹೊತ್ತು ಕುಳಿತ. ಬೆಳಿಗ್ಗೆ ಬಸ್ಸಿಗೆ ಕಾಯುವಾಗ ನಾನು ಮೊಮ್ಮಗನಿಗೆ, "ತಪ್ಪು ನಂದಪ್ಪ, ನಿಂದಲ್ಲ. ನಿಮ್ಮಪ್ಪಗ ಹೇಳೀನಿ" ಎಂದೆ.

ಅವನು ಸ್ವಲ್ಪ ಯೋಚಿಸಿ ಕೇಳಿದ: "ಮತ್ತ, ಅಪ್ಪ ಹೊಡೆಯಾಗ ಯಾಕ ಹೇಳಲಿಲ್ಲ ಮುತ್ಯಾ?"

ಬಸ್ಸು ಬಂತು. ಅವರು ಹತ್ತಿದರು.